ಟ್ರಾಜನ್ ಕಂಬದ ಮೇಲಿನ ಸುತ್ತುಗಳು ಯಾರಿಗೂ ಕಾಣುವುದಿಲ್ಲ. ಹಾಗಾದರೆ ಅದು ಪ್ರಚಾರ ಹೇಗಾಯಿತು?

ಅಲೆಮಾರಿ (ಪ್ರಶ್ನೆ)

ಕಳೆದ ತಿಂಗಳು ರೋಮ್‌ಗೆ ಹೋಗಿದ್ದೆ. ಇದ್ದ ನಾಲ್ಕು ದಿನದಲ್ಲಿ ಒಂದು ಇಡೀ ಬೆಳಿಗ್ಗೆಯನ್ನು ಟ್ರಾಜನ್ ಕಂಬಕ್ಕೇ ಕೊಟ್ಟೆ. ವಾಪಸ್ ಬಂದ ಮೇಲೂ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಂಬದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಚಕ್ರವರ್ತಿ ಟ್ರಾಜನ್ ಕ್ರಿ.ಶ. 101ರಿಂದ 106ರೊಳಗೆ ಡೇಸಿಯಾದ ಮೇಲೆ ಎರಡು ಯುದ್ಧ ಮಾಡಿ ಗೆದ್ದ. ಡೇಸಿಯಾ ಅಂದರೆ ಈಗಿನ ರೊಮೇನಿಯಾದ ಕಡೆ. ಆ ಯುದ್ಧದ ಕಥೆಯನ್ನು ಅಮೃತಶಿಲೆಯ ಕಂಬದ ಮೇಲೆ, ಮರಕ್ಕೆ ಬಳ್ಳಿ ಸುತ್ತಿದ ಹಾಗೆ ಕೆಳಗಿನಿಂದ ತುದಿಯವರೆಗೆ ಕೆತ್ತಿಸಿದ್ದಾರೆ. ಕಂಬ ನಿಂತದ್ದು 113ರಲ್ಲಿ. ಪೀಠ ಬಿಟ್ಟು ಸುಮಾರು 30 ಮೀಟರ್ ಎತ್ತರ. ಚಿತ್ರದ ಪಟ್ಟಿ 23 ಸುತ್ತು ಬರುತ್ತದೆ. ಬಿಚ್ಚಿ ಹಾಸಿದರೆ ಸುಮಾರು 200 ಮೀಟರ್ ಉದ್ದ. 2,500ಕ್ಕೂ ಜಾಸ್ತಿ ಆಕೃತಿಗಳಿವೆ. ಟ್ರಾಜನ್ ಒಬ್ಬನೇ ಐವತ್ತಕ್ಕಿಂತ ಜಾಸ್ತಿ ಸಲ ಬರುತ್ತಾನೆ.

ಹೋಗುವ ಮೊದಲು ನಾನು ಓದಿದ ಕಡೆಯಲ್ಲೆಲ್ಲ ಇದನ್ನು "ರಾಜಕೀಯ ಪ್ರಚಾರ" ಅಂತಲೇ ಬರೆದಿದ್ದರು. ಎದುರಿಗೆ ನಿಂತಾಗ ಆ ಮಾತು ಒಪ್ಪಲು ಆಗಲಿಲ್ಲ. ಮೊದಲ ಸುತ್ತು ಚೆನ್ನಾಗಿ ಕಾಣುತ್ತದೆ. ಡ್ಯಾನ್ಯೂಬ್ ನದಿಯನ್ನು ಗಡ್ಡದ ಮುದುಕನಾಗಿ ಕೆತ್ತಿದ್ದಾರೆ. ಅವನು ನೀರಿನಿಂದ ಅರ್ಧ ಎದ್ದು ನಿಂತಿದ್ದಾನೆ. ಅವನ ಪಕ್ಕದಲ್ಲೇ ಸೈನ್ಯ ದೋಣಿಗಳ ಸೇತುವೆ ಮೇಲೆ ನದಿ ದಾಟುತ್ತಿದೆ. ಎರಡನೇ ಸುತ್ತು, ಮೂರನೇ ಸುತ್ತು ಪರವಾಗಿಲ್ಲ. ಆರೇಳು ಸುತ್ತು ದಾಟಿದ ಮೇಲೆ ಕತ್ತು ನೋಯುತ್ತದೆ, ಯಾರು ಯಾರೆಂದು ತಿಳಿಯುವುದಿಲ್ಲ. ದುರ್ಬೀನು ಇಟ್ಟುಕೊಂಡು ನೋಡಿದೆ. ಅದರಲ್ಲೂ ಕಥೆ ಹಿಂಬದಿಗೆ ತಿರುಗಿದ ಕೂಡಲೇ ಎಳೆ ತಪ್ಪುತ್ತದೆ. ಪೂರ್ತಿ ಓದಬೇಕು ಅಂದರೆ ಕತ್ತೆತ್ತಿಕೊಂಡು ಕಂಬವನ್ನು 23 ಸಲ ಸುತ್ತಬೇಕು.

ಆಗಿನವರಿಗೆ ಇನ್ನೂ ಕಷ್ಟ ಇತ್ತು. ಕಂಬ ನಿಂತಿದ್ದು ಬಯಲಿನಲ್ಲಲ್ಲ. ಒಂದು ಕಡೆ ಬಸಿಲಿಕಾ ಉಲ್ಪಿಯಾ ಅನ್ನುವ ದೊಡ್ಡ ಸಭಾಂಗಣ, ಎರಡು ಪಕ್ಕದಲ್ಲಿ ಎರಡು ಗ್ರಂಥಾಲಯ. ನಡುವಿನ ಪುಟ್ಟ ಅಂಗಳದಲ್ಲಿ ಕಂಬ. ದೂರ ಸರಿದು ನೋಡೋಣ ಅಂದರೆ ಜಾಗವೇ ಇರಲಿಲ್ಲ.

ಜನರ ಮನಸ್ಸು ಗೆಲ್ಲಲು ಕೆತ್ತಿಸಿದ್ದನ್ನು ಜನರಿಗೇ ಕಾಣದ ಹಾಗೆ ಯಾಕೆ ಕೆತ್ತಿಸುತ್ತಾರೆ? ಟ್ರಾಜನ್ ಸತ್ತ ಮೇಲೆ ಅವನ ಚಿತಾಭಸ್ಮವನ್ನು ಪೀಠದೊಳಗೆ ಇಟ್ಟರಂತೆ. ಹಾಗಾದರೆ ಇದು ಬರೀ ಸಮಾಧಿಯೇ? ದೇವರಿಗೆ ಕಾಣಲಿ ಅಂತ ಕೆತ್ತಿದ್ದೇ? ಪ್ರಚಾರ ಅನ್ನುವುದು ನಾವು ಇವತ್ತು ಅದರ ಮೇಲೆ ಹೇರುತ್ತಿರುವ ಮಾತಲ್ವಾ?

ನಾಣ್ಯಪ್ರಿಯೆ

ಸಮಾಧಿಯ ವಿಚಾರ ಮೊದಲು. ಟ್ರಾಜನ್ ಸತ್ತಿದ್ದು 117ರಲ್ಲಿ. ಕಂಬ ನಿಂತು ಆಗಲೇ ನಾಲ್ಕು ವರ್ಷ ಆಗಿತ್ತು. ರೋಮ್ ನಗರದ ಪವಿತ್ರ ಗಡಿಯೊಳಗೆ ಯಾರ ಸಮಾಧಿಯನ್ನೂ ಮಾಡುವ ಹಾಗಿರಲಿಲ್ಲ. ಟ್ರಾಜನ್‌ಗೆ ಅದರಿಂದ ವಿನಾಯಿತಿ ಕೊಟ್ಟರು. ಅವನ ಮನಸ್ಸಿನಲ್ಲಿ ಮೊದಲೇ ಆ ಆಸೆ ಇದ್ದಿರಬಹುದು. ಆದರೆ ಅಂಗಳಕ್ಕೆ ಬಂದು ಹೋಗುವ ಜನ ಆ ನಾಲ್ಕು ವರ್ಷ ನೋಡಿದ್ದು ಸಮಾಧಿಯನ್ನಲ್ಲ, ಗೆಲುವಿನ ಕಂಬವನ್ನು.

ಇನ್ನು ಕಾಣುವುದು, ಕಾಣದಿರುವುದು. ರೋಮ್‌ಗೆ ಒಮ್ಮೆಯೂ ಬಾರದ ಕೋಟ್ಯಂತರ ಜನ ಸಾಮ್ರಾಜ್ಯದಲ್ಲಿದ್ದರು. ಅವರೂ ಈ ಕಂಬವನ್ನು ನೋಡಿದ್ದರು, ನಾಣ್ಯದ ಮೇಲೆ. ಟ್ರಾಜನ್ ಕಾಲದ ಬೆಳ್ಳಿಯ ದೆನಾರಿಯಸ್ಸಿನ ಒಂದು ಮಾದರಿಯಲ್ಲಿ ಹಿಂಬದಿಗೆ ಇರುವುದು ಇದೇ ಕಂಬ. ಜಾಗ ಬೆರಳಗಲ. ಅದರಲ್ಲಿ ಯುದ್ಧದ ಒಂದು ದೃಶ್ಯವೂ ಇಲ್ಲ. ನೆಟ್ಟಗೆ ಒಂದು ಕಂಬ, ತುದಿಯಲ್ಲಿ ಟ್ರಾಜನ್ ಪ್ರತಿಮೆ, ಬುಡದಲ್ಲಿ ಎರಡು ಹದ್ದು. ಸುತ್ತ "ಸೆನೆಟ್ ಮತ್ತು ರೋಮಿನ ಜನರಿಂದ, ಅತ್ಯುತ್ತಮ ಅರಸನಿಗೆ" ಅನ್ನುವ ಬರಹ. ನಾಣ್ಯ ಕೆತ್ತಿದವನಿಗೆ ಅಷ್ಟೇ ಸಾಕಾಗಿತ್ತು. ಕಥೆ ಇದೆ ಅಂತ ತಿಳಿದರೆ ಸಾಕು, ಕಥೆಯನ್ನು ಓದಲೇಬೇಕು ಅಂತಿಲ್ಲ.

ಅಕ್ಷರಕುಟಿಗ

ಅಲೆಮಾರಿಯವರೇ, ನಾನು ಇತಿಹಾಸ ಓದಿದವನಲ್ಲ. 28 ವರ್ಷದಿಂದ ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ನನ್ನ ಕೆಲಸ. ಸಮಾಧಿ ಕಲ್ಲು, ಕಟ್ಟಡದ ಹೆಸರಿನ ಕಲ್ಲು, ಹೀಗೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉಳಿ ಹಿಡಿದವನ ಕಡೆಯಿಂದ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನೀವು ಕಂಬವನ್ನು ಇಡೀ ಬೆಳಿಗ್ಗೆ ನೋಡಿದ್ದೀರಿ. ಪೀಠದ ಬಾಗಿಲ ಮೇಲಿನ ಶಾಸನವನ್ನು ಎಷ್ಟು ಹೊತ್ತು ನೋಡಿದಿರಿ? ನಮ್ಮ ಕೆಲಸದವರಿಗೆ ಆ ಆರು ಸಾಲು ಗುರು ಇದ್ದ ಹಾಗೆ. ರೋಮನ್ ಅಕ್ಷರ ಕೆತ್ತುವುದನ್ನು ಕಲಿಯುವವರು ಯಾವ ದೇಶದಲ್ಲಿದ್ದರೂ ಅದನ್ನು ನೋಡಿಯೇ ಕೈ ತಿದ್ದಿಕೊಳ್ಳುತ್ತಾರೆ. ನಾನು ರೋಮ್‌ಗೆ ಹೋಗಿದ್ದೇ ಅದನ್ನು ನೋಡಲು. ಕಟಕಟೆಯ ಆಚೆ ನಿಂತು ನೋಡಿ ಸಮಾಧಾನ ಆಗಲಿಲ್ಲ. ಆಮೇಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪ್ಲಾಸ್ಟರ್ ಅಚ್ಚು ಸಿಕ್ಕಿತು. ಅಲ್ಲಿ ಕಂಬವನ್ನು ಎರಡು ತುಂಡಾಗಿ ಅಕ್ಕಪಕ್ಕ ನಿಲ್ಲಿಸಿದ್ದಾರೆ. ಶಾಸನದ ಮುಂದೆ ಒಂದು ಮಧ್ಯಾಹ್ನ ಕಳೆದೆ.

ಅಲ್ಲಿ ಕಂಡದ್ದು ಇದು. ಮೇಲಿನ ಸಾಲುಗಳ ಅಕ್ಷರ ಕೆಳಗಿನ ಸಾಲುಗಳ ಅಕ್ಷರಕ್ಕಿಂತ ದೊಡ್ಡವು. ವ್ಯತ್ಯಾಸ ಜಾಸ್ತಿ ಏನಲ್ಲ, ಒಂದೆರಡು ಸೆಂಟಿಮೀಟರ್. ಕೆಳಗೆ ನಿಂತವನಿಗೆ ಮೇಲಿನ ಸಾಲು ದೂರ, ಕೆಳಗಿನ ಸಾಲು ಹತ್ತಿರ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಕೆತ್ತಿದರೆ ಮೇಲಿನದು ಕುಗ್ಗಿದ ಹಾಗೆ ಕಾಣುತ್ತದೆ. ಅದಕ್ಕೆ ದೊಡ್ಡದು ಮಾಡಿದರು. ಈಗ ಆರೂ ಸಾಲು ಒಂದೇ ಸಮ ಕಾಣುತ್ತವೆ. ಅಂದರೆ ಈ ಕೆಲಸದ ಯಜಮಾನನಿಗೆ ಕೆಳಗೆ ನಿಂತವನ ಕಣ್ಣಿನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಕಥೆಯನ್ನು ಮೇಲೆ ಹತ್ತಿಸಿದ ಅನ್ನುವ ಹಾಗಿಲ್ಲ.

ಅಲ್ಲಿಂದ ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿಸಿ. ಪೀಠದ ಕಲ್ಲಿನ ತುಂಬ ಡೇಸಿಯಾದವರ ಆಯುಧಗಳು. ಗುರಾಣಿ, ಕವಚ, ಶಿರಸ್ತ್ರಾಣ, ಹಾವಿನ ಮೈಯ ಬಾವುಟ, ಒಂದರ ಮೇಲೊಂದು ರಾಶಿ ಬಿದ್ದಿವೆ. ಡೇಸಿಯಾದ ಒಬ್ಬ ಮನುಷ್ಯನೂ ಅಲ್ಲಿಲ್ಲ. ಹಾಕಿಕೊಂಡಿದ್ದವರು ಇಲ್ಲದ ಬಟ್ಟೆ, ಹಿಡಿದಿದ್ದವರು ಇಲ್ಲದ ಕತ್ತಿ. ಇದು ತಲೆಯೆತ್ತದೆಯೇ ಕಾಣುತ್ತದೆ. ಓದು ಬಾರದವನಿಗೂ ಅರ್ಥ ಆಗುತ್ತದೆ. ಅಂಗಳಕ್ಕೆ ಬರುವ ಮೊದಲು ಟ್ರಾಜನ್ ಫೋರಮ್ಮಿನ (ಅವನು ಕಟ್ಟಿಸಿದ ಸಾರ್ವಜನಿಕ ಆವರಣದ) ದೊಡ್ಡ ಚೌಕ ಹಾಯ್ದು ಬರಬೇಕಿತ್ತು. ಅಲ್ಲಿಯೂ ಕೈಕಟ್ಟಿ ನಿಂತ ಡೇಸಿಯಾ ಸೆರೆಯಾಳುಗಳ ದೊಡ್ಡ ಪ್ರತಿಮೆಗಳ ಸಾಲು ಇತ್ತು. ಆ ಫೋರಮ್ಮನ್ನು ಯುದ್ಧದ ಲೂಟಿಯ ಹಣದಿಂದ ಕಟ್ಟಿಸಿದ್ದು ಅಂತ ಅಲ್ಲೇ ಬರೆಸಿದ್ದರು. ಜನರಿಗೆ ಮುಟ್ಟಬೇಕಾದ ಮಾತು ಇಷ್ಟರಲ್ಲೇ ಮುಟ್ಟಿ ಆಯಿತು. ಮೇಲಿನ 200 ಮೀಟರ್ ಆ ಮಾತಿಗೆ ಸಾಕ್ಷಿ. ಸಾಕ್ಷಿ ಪತ್ರವನ್ನು ಎಲ್ಲರೂ ಓದುವುದಿಲ್ಲ. ಇದೆ ಅಂತ ಗೊತ್ತಿದ್ದರೆ ನಂಬುತ್ತಾರೆ.

ಶಾಸನದ ಮಾತೂ ಕೇಳಿ. ಅದರಲ್ಲಿ ಯುದ್ಧದ ಹೆಸರಿಲ್ಲ. ಟ್ರಾಜನ್ನನ ಬಿರುದುಗಳಲ್ಲಿ "ಡೇಸಿಕಸ್", ಅಂದರೆ ಡೇಸಿಯಾ ಗೆದ್ದವನು, ಅಂತ ಒಂದು ಬರುತ್ತದೆ, ಅಷ್ಟೇ. ಕಟ್ಟಿಸಿದವನು ಟ್ರಾಜನ್ ಅಂತಲೂ ಇಲ್ಲ. ಸೆನೆಟ್ ಮತ್ತು ರೋಮಿನ ಜನ ಅವನಿಗೆ ಅರ್ಪಿಸಿದರು ಅಂತಿದೆ. ಈ ಕೆಲಸಕ್ಕಾಗಿ ಎಷ್ಟು ಎತ್ತರದ ಗುಡ್ಡವನ್ನು ಕಡಿದು ಜಾಗ ಮಾಡಿದರು ಅನ್ನುವುದನ್ನು ತೋರಿಸಲು ಈ ಕಂಬ ಅನ್ನುತ್ತವೆ ಕೊನೆಯ ಎರಡು ಸಾಲು. ತನ್ನ ಹೊಗಳಿಕೆಯನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು ರೋಮಿನ ದೊರೆಗಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಚಕ್ರವರ್ತಿ ಆಗಸ್ಟಸ್ ಈ ದಾರಿ ಹಾಕಿಕೊಟ್ಟ. ನಗರದಲ್ಲಿದ್ದ ತನ್ನ ಸುಮಾರು 80 ಬೆಳ್ಳಿ ಪ್ರತಿಮೆಗಳನ್ನು ತಾನೇ ತೆಗೆಸಿದೆ, ಆ ಹಣದಲ್ಲಿ ಅಪೊಲೊ ದೇವಸ್ಥಾನಕ್ಕೆ ಚಿನ್ನದ ಕಾಣಿಕೆ ಕೊಟ್ಟೆ ಅಂತ ಅವನು ಬರೆಸಿದ್ದಾನೆ. ಆ ಬರಹವನ್ನೂ ಕಂಚಿನ ಮೇಲೆ ಕೊರೆಸಿ ತನ್ನ ಸಮಾಧಿಯ ಮುಂದೆ ನಿಲ್ಲಿಸಲು ಹೇಳಿ ಹೋದ.

ಮೇಲೆ ಕೆತ್ತಿದವರ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕಾಣುವುದಿಲ್ಲ ಅಂತ ಅವರು ಕೆಲಸ ಕೆಡಿಸಿಲ್ಲ. ಒಂದು ಕಡೆ ಗಾಯಗೊಂಡ ಸೈನಿಕ ಕೂತಿದ್ದಾನೆ, ಇನ್ನೊಬ್ಬ ಅವನ ತೊಡೆಗೆ ಬಟ್ಟೆ ಸುತ್ತುತ್ತಿದ್ದಾನೆ. ಕೂತವನು ಹಲ್ಲು ಕಚ್ಚಿ ನೋವು ತಡೆಯುತ್ತಿರುವುದು ಮೈಯ ಬಿಗಿಯಲ್ಲೇ ಕಾಣುತ್ತದೆ. ಇನ್ನೊಂದು ಕಡೆ ಒಬ್ಬ ಸೈನಿಕ ಶತ್ರುವಿನ ಕಡಿದ ತಲೆಯನ್ನು ಕೂದಲು ಹಿಡಿದು ಬಾಯಲ್ಲಿ ಕಚ್ಚಿಕೊಂಡಿದ್ದಾನೆ. ಎರಡು ಕೈಯೂ ಯುದ್ಧಕ್ಕೆ ಬೇಕಲ್ಲ! ಎಷ್ಟೋ ಸೈನಿಕರ ಮುಷ್ಟಿ ಈಗ ಖಾಲಿ. ಮುಷ್ಟಿಯಲ್ಲಿ ಸಣ್ಣ ತೂತು ಕೊರೆದು ಲೋಹದ ಪುಟ್ಟ ಈಟಿ, ಕತ್ತಿ ಸಿಕ್ಕಿಸಿದ್ದರು. ಅವೆಲ್ಲ ಬಿದ್ದು ಹೋಗಿವೆ. ಮತ್ತೆ, ಬಹುಪಾಲು ಚಿತ್ರ ಹೊಡೆದಾಟದ್ದಲ್ಲ. ಮರ ಕಡಿಯುವುದು, ಕಲ್ಲು ಹೊರುವುದು, ಕೋಟೆ ಕಟ್ಟುವುದು, ಸೇತುವೆ ಕಟ್ಟುವುದು. ಟ್ರಾಜನ್ ಎಲ್ಲೂ ಕತ್ತಿ ಬೀಸುವುದಿಲ್ಲ. ಭಾಷಣ ಮಾಡುತ್ತಾನೆ, ದೇವರಿಗೆ ಬಲಿ ಕೊಡುತ್ತಾನೆ, ಶರಣಾದವರ ಮಾತು ಕೇಳುತ್ತಾನೆ. ಎಲ್ಲ ಲೆಕ್ಕಾಚಾರದಿಂದ ನಡೆಯುತ್ತಿದೆ, ದೊರೆ ಎಲ್ಲ ಕಡೆಯೂ ಇದ್ದಾನೆ ಅನ್ನುವುದೇ ಕಥೆಯ ತಿರುಳು.

ನಿಮ್ಮ ದೂರು ರೋಮಿನವರಿಗೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಟ್ರಾಜನ್ ಕಂಬ ನಿಂತು ಸುಮಾರು 80 ವರ್ಷದ ಮೇಲೆ ಮಾರ್ಕಸ್ ಔರೇಲಿಯಸ್ ಹೆಸರಲ್ಲಿ ಅಂಥದ್ದೇ ಇನ್ನೊಂದು ಕಂಬ ನಿಂತಿತು. ಅಲ್ಲಿ ಆಕೃತಿಗಳು ದೊಡ್ಡವು, ಗುಂಪು ಕಡಿಮೆ, ಸುತ್ತುಗಳೂ ಕಡಿಮೆ. ಬೈರಿಗೆ ಹಾಕಿ ಆಳಕ್ಕೆ ಕೊರೆದಿದ್ದಾರೆ, ನೆರಳು ಗಾಢವಾಗಿ ಬೀಳುತ್ತದೆ. ದೂರದಿಂದಲೂ ಮುಖ ಎದ್ದು ಕಾಣುತ್ತದೆ. ಹಿಂದಿನ ಕೆಲಸದಲ್ಲಿ ಏನು ಸಾಲಲಿಲ್ಲ ಅಂತ ನೋಡಿಕೊಂಡೇ ಉಳಿ ಹಿಡಿದವರ ಕೆಲಸ ಅದು.

ಈಗ ನನ್ನ ನಿಜವಾದ ಉತ್ತರಕ್ಕೆ ಬರುತ್ತೇನೆ. ಎತ್ತರದಲ್ಲಿರುವುದನ್ನು ಯಾರೂ ಓದುವುದಿಲ್ಲ ಅಂತ ಅವರು ಎಣಿಸಿದ್ದರೋ ಇಲ್ಲವೋ ಅಂತ ತಿಳಿಯಬೇಕು ಅಂದರೆ, ಅಳಿಸಿದ ಜಾಗ ನೋಡಿ.

ರೋಮನ್ ಫೋರಮ್ಮಿನಲ್ಲಿ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಮಾನು ಇದೆ. 203ರದ್ದು. 20 ಮೀಟರಿಗೂ ಜಾಸ್ತಿ ಎತ್ತರ. ಶಾಸನ ಇರುವುದು ತೀರಾ ಮೇಲೆ, ಕಮಾನುಗಳ ನೆತ್ತಿಯ ಮೇಲಿನ ಗೋಡೆಯಲ್ಲಿ. ಕಲ್ಲಿನಲ್ಲಿ ಗುಳಿ ತೋಡಿ ಕಂಚಿನ ಅಕ್ಷರಗಳನ್ನು ಕೂರಿಸಿದ್ದರು. ಅಕ್ಷರದ ಬೆನ್ನಿಗೆ ಮೊಳೆ, ಮೊಳೆಗೆ ಕಲ್ಲಿನಲ್ಲಿ ತೂತು. ಕಂಚು ಯಾವತ್ತೋ ಹೋಯಿತು, ಗುಳಿ ಮತ್ತು ತೂತು ಉಳಿದಿವೆ. ಸೆವೆರಸ್ಸನಿಗೆ ಇಬ್ಬರು ಮಕ್ಕಳು, ಕ್ಯಾರಕಲ್ಲಾ ಮತ್ತು ಗೇಟಾ. ಶಾಸನದಲ್ಲಿ ಮೂವರ ಹೆಸರೂ ಇತ್ತು. 211ರಲ್ಲಿ ಅಪ್ಪ ಸತ್ತ. ಆ ವರ್ಷ ಮುಗಿಯುವುದರೊಳಗೆ ಕ್ಯಾರಕಲ್ಲಾ ತಮ್ಮನನ್ನು ಕೊಲ್ಲಿಸಿದ. ಅಮ್ಮ ಜೂಲಿಯಾ ಡೊಮ್ನಾಳ ಮಡಿಲಲ್ಲೇ ಪ್ರಾಣ ಹೋಯಿತು ಅಂತ ಆ ಕಾಲದಲ್ಲೇ ಬದುಕಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಆಮೇಲೆ ಗೇಟಾನ ಹೆಸರು ಎಲ್ಲೂ ಇರಬಾರದು ಅಂತ ಅಪ್ಪಣೆಯಾಯಿತು.

ಕಮಾನಿನ ನಾಲ್ಕನೇ ಸಾಲು ಗೇಟಾನದು. ಅದನ್ನು ಕಿತ್ತರು. ಆ ಜಾಗಕ್ಕೆ "ಒಪ್ಟಿಮಿಸ್ ಫೋರ್ಟಿಸ್ಸಿಮಿಸ್‌ಕ್ವೆ ಪ್ರಿನ್ಸಿಪಿಬುಸ್", ಅಂದರೆ "ಅತ್ಯುತ್ತಮರೂ ಮಹಾಶೂರರೂ ಆದ ದೊರೆಗಳಿಗೆ" ಅಂತ ಹಾಕಿದರು. ಅಪ್ಪ ಮತ್ತು ದೊಡ್ಡ ಮಗನಿಗೆ ಹೊಗಳಿಕೆ. ಮೂರನೇ ಸಾಲಿನ ಕೊನೆಯಲ್ಲಿ "ಮತ್ತು" ಅನ್ನುವ ಪದ ಇತ್ತು. ಇನ್ನೊಂದು ಹೆಸರು ಬರುತ್ತದೆ ಅಂತ ಹೇಳುವ ಪದ. ಅದನ್ನೂ ಬಿಡಲಿಲ್ಲ. ಕಿತ್ತು "ದೇಶದ ತಂದೆ" ಅನ್ನುವ ಬಿರುದಿನ ಎರಡು ಅಕ್ಷರ ಕೂರಿಸಿದರು.

ನನ್ನ ಕೆಲಸದಲ್ಲಿ ಒಂದೇ ಒಂದು ಸಲ ಹೆಸರು ಅಳಿಸಿದ್ದೇನೆ. ಇಬ್ಬರು ಸೇರಿ ಕಟ್ಟಿದ ಕಟ್ಟಡ. ಜಗಳ ಆಗಿ ಬೇರೆಯಾದರು. ಒಬ್ಬರು ಬಂದು ಇನ್ನೊಬ್ಬರ ಹೆಸರು ತೆಗೆಯಿರಿ ಅಂದರು. ಆ ಹೆಸರು ಕೆತ್ತಲು ನನಗೆ ಅರ್ಧ ದಿನ ಹಿಡಿದಿತ್ತು. ತೆಗೆಯಲು ಎರಡು ದಿನ. ಅಕ್ಷರ ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟು ಆಳ ಇಡೀ ಪಟ್ಟಿಯನ್ನೇ ಇಳಿಸಬೇಕು. ಮುಗಿದ ಮೇಲೆ ಹೆಸರು ಹೋಗಿತ್ತು, ತಗ್ಗು ಉಳಿಯಿತು. ಬೆಳಗಿನ ಓರೆ ಬಿಸಿಲಿಗೆ ಆ ತಗ್ಗಿನ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ಇಲ್ಲಿ ಏನಿತ್ತು ಅಂತ ಕೇಳುತ್ತಿದ್ದರು.

ಸೆವೆರಸ್ ಕಮಾನಿನಲ್ಲೂ ಹಾಗೇ ಆಗಿದೆ. ನಾಲ್ಕನೇ ಸಾಲಿನ ಹಿನ್ನೆಲೆ ಉಳಿದ ಸಾಲುಗಳಿಗಿಂತ ತಗ್ಗಿನಲ್ಲಿದೆ. ಹೊಸ ಅಕ್ಷರಗಳಿಗೆ ಸೇರದ ಹಳೆಯ ಮೊಳೆ ತೂತುಗಳು ಹಾಗೇ ಉಳಿದಿವೆ. ಆ ತೂತುಗಳ ಲೆಕ್ಕ ಹಿಡಿದೇ ಗೇಟಾನ ಹೆಸರು, "ಸೀಸರ್" ಅನ್ನುವ ಬಿರುದು ಎರಡನ್ನೂ ವಿದ್ವಾಂಸರು ಮತ್ತೆ ಓದಿದ್ದಾರೆ.

ಈಗ ನೀವೇ ಯೋಚನೆ ಮಾಡಿ. ಅಷ್ಟು ಎತ್ತರಕ್ಕೆ ಸಾರುವೆ ಕಟ್ಟಬೇಕು. ಅಲ್ಲಿ ನಿಂತು ಕಂಚು ಕೀಳಬೇಕು, ಕಲ್ಲು ಇಳಿಸಬೇಕು, ಹೊಸ ಗುಳಿ ತೋಡಿ ಹೊಸ ಅಕ್ಷರ ಕೂರಿಸಬೇಕು. ಅದೂ ಎರಡು ಕಡೆ, ಯಾಕೆಂದರೆ ಶಾಸನ ಕಮಾನಿನ ಎರಡೂ ಮುಖದಲ್ಲಿದೆ. ಒಂದು "ಮತ್ತು"ವನ್ನೂ ಬಿಡದೆ ಮಾಡಿಸಿದರು. ಯಾರೂ ನೋಡುವುದಿಲ್ಲ ಅಂದುಕೊಂಡವರು ಇಷ್ಟು ಕಷ್ಟ ಪಡುತ್ತಾರಾ?

ಅಲೆಮಾರಿ

ಅಕ್ಷರಕುಟಿಗ ಸರ್, ಎರಡು ಸಲ ಓದಿದೆ. "ಮತ್ತು" ಅನ್ನುವ ಪದ ಕಿತ್ತ ಕಡೆ ಮೈ ಜುಮ್ ಅಂದಿತು. ಶಾಸನವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಭಾಷೆ ಬರುವುದಿಲ್ಲ ಅಂತ ಬಿಟ್ಟುಬಿಟ್ಟೆ.

ಇನ್ನೊಂದು ಕೇಳಬೇಕು. ನಾವೆಲ್ಲ ರೋಮಿನವರ ಕಣ್ಣಿನಿಂದಲೇ ಮಾತಾಡುತ್ತಿದ್ದೇವೆ. ಈ ಕಲ್ಲುಗಳಲ್ಲಿ ಸೋತವರಾಗಿ ಕಾಣಿಸಿಕೊಂಡವರು ಇವನ್ನು ನೋಡಿದಾಗ ಏನಾಗುತ್ತಿತ್ತು? ಅವರಿಗೂ ಇದು ಪ್ರಚಾರವೇ?

ಸಂಜೆ ಓದು

ಇದಕ್ಕೆ ನಾನು ಉತ್ತರಿಸುತ್ತೇನೆ. ಟೈಟಸ್ ಕಮಾನು ನೋಡಿದ್ದೀರಲ್ಲ, ಕೊಲೋಸಿಯಮ್ಮಿನಿಂದ ಫೋರಮ್ಮಿಗೆ ಬರುವ ದಾರಿಯಲ್ಲಿ? ಒಂದೇ ಬಾಗಿಲಿನ ಕಮಾನು. ಚಕ್ರವರ್ತಿ ಟೈಟಸ್ ಸತ್ತಿದ್ದು 81ರಲ್ಲಿ, ಕಮಾನು ನಿಂತದ್ದು ಅವನ ತಮ್ಮ ಡೊಮಿಷಿಯನ್ ಕಾಲದಲ್ಲಿ. ಇಲ್ಲಿ ಚಿತ್ರ ಎತ್ತರದಲ್ಲಿಲ್ಲ. ಬಾಗಿಲೊಳಗೆ ಎರಡು ಪಕ್ಕದ ಗೋಡೆಯಲ್ಲಿದೆ. ಹಾದು ಹೋಗುವವನಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದು ಪಕ್ಕದಲ್ಲಿ ರಥದ ಮೇಲೆ ಟೈಟಸ್. ಇನ್ನೊಂದು ಪಕ್ಕದಲ್ಲಿ, 70ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟ ಮೇಲೆ ತಂದ ಲೂಟಿಯ ಮೆರವಣಿಗೆ. ಏಳು ಕವಲಿನ ದೀಪಸ್ತಂಭ ಮೆನೋರಾ, ಬೆಳ್ಳಿ ಕಹಳೆಗಳು, ನೈವೇದ್ಯದ ರೊಟ್ಟಿ ಇಡುವ ಮೇಜು. ಹೊತ್ತವರ ಹೆಗಲ ಮೇಲೆ ಕೋಲು, ಕೋಲಿನ ಕೆಳಗೆ ಮೆತ್ತೆ. ಭಾರ ಎಷ್ಟಿತ್ತು ಅಂತ ಆ ಮೆತ್ತೆಯಿಂದಲೇ ತಿಳಿಯುತ್ತದೆ. ಮೆರವಣಿಗೆಯ ಮುಂದಿನವರು ಚಿತ್ರದೊಳಗಿನ ಇನ್ನೊಂದು ಕಮಾನಿನೊಳಕ್ಕೆ ತಿರುಗಿ ಮರೆಯಾಗುತ್ತಿದ್ದಾರೆ. ನೀವೂ ಅವರ ಜೊತೆ ನಡೆಯುತ್ತಿದ್ದೀರಿ ಅನ್ನಿಸುವ ಹಾಗೆ ಕೆತ್ತಿದ್ದಾರೆ. 2012ರಲ್ಲಿ ಮೆನೋರಾದ ಮೇಲೆ ಹಳದಿ ಬಣ್ಣದ ಕುರುಹು ಸಿಕ್ಕಿತು. ನಾವು ಇವತ್ತು ನೋಡುವ ಬಿಳಿ ಕಲ್ಲು ಆಗ ಚಿನ್ನದ ಹಾಗೆ ಕಾಣುತ್ತಿತ್ತು.

ರೋಮಿನಲ್ಲಿ ಆಗಲೂ ಯಹೂದಿಗಳಿದ್ದರು, ಇವತ್ತಿಗೂ ಇದ್ದಾರೆ. ಆ ಕಮಾನಿನ ಕೆಳಗೆ ನಡೆಯಬಾರದು ಅನ್ನುವ ಪದ್ಧತಿ ಅವರಲ್ಲಿ ಬೆಳೆಯಿತು. ಯಾರದ್ದೋ ಗೆಲುವಿನ ಬಾಗಿಲನ್ನು ಪಕ್ಕಕ್ಕೆ ಬಿಟ್ಟು ನಡೆಯುವುದು. ಮುಂದೆ 1949ರಲ್ಲಿ ಇಸ್ರೇಲ್ ದೇಶ ತನ್ನ ಲಾಂಛನ ಆರಿಸಿಕೊಂಡಾಗ, ಅದರಲ್ಲಿರುವ ಮೆನೋರಾದ ಆಕಾರ ತೆಗೆದುಕೊಂಡಿದ್ದು ಇದೇ ಕಮಾನಿನ ಕಲ್ಲಿನಿಂದ. ಮೂಲ ಮೆನೋರಾ ಈಗಿಲ್ಲ. ಅದು ಹೀಗಿತ್ತು ಅಂತ ತೋರಿಸಲು ಉಳಿದ ದೊಡ್ಡ ಚಿತ್ರ ಕದ್ದವರು ಕೆತ್ತಿಸಿದ್ದೇ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಕೊಲೋಸಿಯಂ ಕೂಡ ಅದೇ ಯುದ್ಧದ ಲೂಟಿಯಲ್ಲಿ ಕಟ್ಟಿದ್ದು. ಅದೂ ನೀರೋ ತನ್ನ ಅರಮನೆಗೆ ಮಾಡಿಸಿಕೊಂಡಿದ್ದ ಕೆರೆಯ ಜಾಗದಲ್ಲಿ. ಹಳೆಯ ದೊರೆ ತನಗಾಗಿ ಕಿತ್ತುಕೊಂಡಿದ್ದನ್ನು ಹೊಸ ದೊರೆ ಜನರಿಗೆ ಕೊಟ್ಟ ಅನ್ನುವ ಮಾತು ಆ ಜಾಗದಿಂದಲೇ ಬರುತ್ತದೆ. ಒಂದು ಅಕ್ಷರವೂ ಬೇಕಾಗಿರಲಿಲ್ಲ.

ಅಕ್ಷರಕುಟಿಗ

ಮೆತ್ತೆಯ ವಿಚಾರ ಹೇಳಿದ್ದಕ್ಕೆ ನಿಮಗೆ ವಂದನೆ. ನಾನು ಗಮನಿಸಿರಲಿಲ್ಲ.

ಡೇಸಿಯಾ ಯುದ್ಧಕ್ಕೆ ಸೇರಿದ ಇನ್ನೊಂದು ಕಲ್ಲಿದೆ. ಟ್ರಾಜನ್ ಕಂಬದ ಮೇಲ್ಭಾಗದಲ್ಲಿ ಡೇಸಿಯಾದ ದೊರೆ ಡೆಸೆಬಾಲಸ್ ಸಾಯುವ ದೃಶ್ಯ ಇದೆ. ಮರದ ಬುಡದಲ್ಲಿ ಮಂಡಿಯೂರಿ, ಬಾಗಿದ ಕತ್ತಿಯಿಂದ ತಾನೇ ಕತ್ತು ಕೊಯ್ದುಕೊಳ್ಳುತ್ತಿದ್ದಾನೆ. ರೋಮಿನ ಕುದುರೆ ಸವಾರನೊಬ್ಬ ಅವನ ಕಡೆ ಬಾಗಿ ಕೈ ಚಾಚಿದ್ದಾನೆ. ಸೆರೆ ಸಿಗುವುದಕ್ಕಿಂತ ಸಾವು ಮೇಲು ಅಂದವನ ಮುಖ. ಶತ್ರುವಾದರೂ ಕೆತ್ತಿದವರು ಅವನನ್ನು ಸಣ್ಣವನನ್ನಾಗಿ ಮಾಡಿಲ್ಲ. ಶತ್ರು ದೊಡ್ಡವನಾದಷ್ಟೂ ಗೆದ್ದವನು ದೊಡ್ಡವನು, ಆ ಲೆಕ್ಕವೂ ಇದ್ದೀತು.

ಆ ಸವಾರ ಯಾರು ಅಂತ ಗೊತ್ತಾಗಿದ್ದು 1965ರಲ್ಲಿ. ಗ್ರೀಸಿನಲ್ಲಿ, ಹಳೆಯ ಫಿಲಿಪ್ಪಿ ಪಟ್ಟಣದ ಹತ್ತಿರ ಒಂದು ಸಮಾಧಿ ಕಲ್ಲು ಸಿಕ್ಕಿತು. ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಅನ್ನುವ ನಿವೃತ್ತ ಸೈನಿಕನದು. ಬದುಕಿರುವಾಗಲೇ ತಾನೇ ಮಾಡಿಸಿ ಇಟ್ಟುಕೊಂಡಿದ್ದ. ಡೆಸೆಬಾಲಸ್ಸನನ್ನು ಹಿಡಿದದ್ದಕ್ಕೆ, ಅವನ ತಲೆಯನ್ನು ಟ್ರಾಜನ್ ಬಳಿಗೆ ಒಯ್ದದ್ದಕ್ಕೆ ತನಗೆ ಬಡ್ತಿ ಸಿಕ್ಕಿತು ಅಂತ ಬರೆಸಿದ್ದಾನೆ. ಬರಹದ ಮೇಲೆ ಅದೇ ದೃಶ್ಯ: ಕುದುರೆ ಮೇಲೆ ತಾನು, ಕೆಳಗೆ ಬೀಳುತ್ತಿರುವ ಡೆಸೆಬಾಲಸ್, ಅವನ ಕೈಯಿಂದ ಜಾರಿದ ಬಾಗು ಕತ್ತಿ. ಕೆತ್ತನೆ ಒರಟು. ಆದರೆ ದಾರಿಹೋಕರು ಓದಲಿ ಅಂತ ಇದ್ದದ್ದು. ರೋಮಿನ ಕಂಬದಲ್ಲಿ ಅವನು ಹೆಸರಿಲ್ಲದ ಒಬ್ಬ ಸವಾರ. ತನ್ನ ಹೆಸರಿರುವ ಕಲ್ಲನ್ನು ಅವನು ತಾನೇ ಹಾಕಿಸಿಕೊಂಡ. ಚಕ್ರವರ್ತಿಯ ಪ್ರಚಾರ ಅಂತ ನಾವು ಕರೆಯುವುದು ಜನರ ಕೈಗೆ ಹೋಗಿ ಅವರವರ ಮಾತಾಗುತ್ತಿತ್ತು. ಚಕ್ರವರ್ತಿಗೂ ಅದೇ ಬೇಕಿತ್ತು.

ಮುಖ ಬದಲಾಯಿಸಿದ ಕೆಲಸಗಳನ್ನೂ ಮುಂದಿನ ಸಲ ನೋಡಿ. ಚಕ್ರವರ್ತಿ ಕಾನ್‌ಸ್ಟಂಟೈನ್ ಕಮಾನಿನಲ್ಲಿ ಹಿಂದಿನ ಚಕ್ರವರ್ತಿ ಹೇಡ್ರಿಯನ್ ಕಾಲದ ದುಂಡು ಫಲಕಗಳಿವೆ, ಬೇಟೆ ಮತ್ತು ಪೂಜೆಯ ಚಿತ್ರಗಳು. ಸುಮಾರು 180 ವರ್ಷ ಹಳೆಯ ಕಲ್ಲು ತಂದು, ಹೇಡ್ರಿಯನ್ ತಲೆಯನ್ನು ತಿದ್ದಿ ಹೊಸಬರ ಮುಖ ಮಾಡಿದರು. ವ್ಯಾಟಿಕನ್ನಿನಲ್ಲಿ ಇನ್ನೊಂದು ಫಲಕ ಇದೆ. ಡೊಮಿಷಿಯನ್ ಕೊಲೆಯಾದ ಮೇಲೆ ಅವನ ಮುಖವನ್ನೇ ಕಡಿದು ಮುಂದಿನ ಚಕ್ರವರ್ತಿ ನೆರ್ವಾನ ಮುಖ ಮಾಡಿದ್ದಾರೆ. ಮೈಗೆ ಹೋಲಿಸಿದರೆ ಆ ತಲೆ ಸಣ್ಣದು. ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಲ್ಲಿನಲ್ಲಿ ತೆಗೆಯಬಹುದು, ಸೇರಿಸಲು ಆಗುವುದಿಲ್ಲ. ಹಳೆಯ ಮುಖದೊಳಗಿಂದಲೇ ಹೊಸ ಮುಖ ಬರಬೇಕು.

ಅಂದ ಹಾಗೆ, ಅಲೆಮಾರಿಯವರೇ, ಸೆವೆರಸ್ ಕಮಾನಿನ ಫೋಟೋ ತೆಗೆದಿದ್ದೀರಾ? ಕ್ಯಾಪಿಟೋಲಿನ್ ಗುಡ್ಡದ ಮೇಲಿನಿಂದ ತೆಗೆದಿದ್ದರೆ ಶಾಸನ ಹೆಚ್ಚು ಕಡಿಮೆ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಅಲೆಮಾರಿ

ತೆಗೆದಿದ್ದೇನೆ ಸರ್! ಗುಡ್ಡದ ಮೇಲಿನಿಂದಲೇ. ಇಡೀ ಫೋರಮ್ಮಿನ ನೋಟಕ್ಕೆ ಅಂತ ತೆಗೆದದ್ದು, ಕಮಾನು ಸುಮ್ನೆ ಒಂದು ಪಕ್ಕಕ್ಕೆ ಬಂದಿದೆ. ಈಗ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಮೇಲಿನಿಂದ ನಾಲ್ಕನೇ ಸಾಲು. ನೀವು ಹೇಳಿದ ಹಾಗೆ ಆ ಸಾಲಿನ ಹಿಂದೆ ಒಂದು ಪಟ್ಟಿ ನೆರಳು ಬಿದ್ದಿದೆ, ಬೇರೆ ಸಾಲುಗಳಿಗೆ ಇಲ್ಲ. ಅಕ್ಷರದ ಗುಳಿಗಳ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿವೆ. ಯಾವ ಅಕ್ಷರಕ್ಕೂ ಸೇರುವುದಿಲ್ಲ. ಮೊದಲ ಸಲ ನೋಡಿದಾಗ ಕಲ್ಲು ಹಳೆಯದಾಗಿ ತೂತು ಬಿದ್ದಿದೆ ಅಂದುಕೊಂಡಿದ್ದೆ. ಈಗ ಒಂದೊಂದನ್ನೇ ಗುರುತು ಹಾಕುತ್ತಾ ಕೂತಿದ್ದೇನೆ.